ರೈಲ್ವೆ ಕಾಲೊನಿಯ ಬೇಸ್ ಗಿಟಾರು

ಅರವತ್ತರ ದಶಕ ಮುಗಿಯುತ್ತ ಬಂದಿದ್ದಾಗ ನಾನು ಅರಸೀಕೆರೆಯ ಒಂದು ಕೊಬ್ಬರಿ ಮಂಡಿಯಲ್ಲಿ ಗುಮಾಸ್ತನಾಗಿದ್ದೆ. ನಮ್ಮೂರು ಬೇಲೂರು. ಅಪ್ಪ ಅಲ್ಲಿ ದೇವಸ್ಥಾನದಲ್ಲಿ ಪರಿಚಾರಕರು. ಅಕ್ಕನನ್ನು ಅದೇ ಊರಿನ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರಿಗೆ ಕೊಟ್ಟಿತ್ತು; ಅಪ್ಪ ಇರುತ್ತಿದ್ದುದೂ ಅವರ ಜೊತೆಗೇ. ನಾನು ಮಂಡಿಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದಿದ್ದೆ. ಅದರಲ್ಲಿ ಅರ್ಧ ಜಾಗ ನನ್ನ ಚಾಪೆಗೆ, ಟ್ರಂಕಿಗೆ, ಸೀಮೆಎಣ್ಣೆ ಸ್ಟವ್‌ಗೆ. ಇನ್ನರ್ಧ ಹಳೆಯ ವಾದ್ಯಗಳಿಗೆ. ತಿದಿ ಹರಿದ ಹಾರ್ಮೋನಿಯಂ, ಕತ್ತು ಬಾಗಿದ ಮ್ಯಾಂಡೊಲಿನ್, ಹೊಟ್ಟೆ ಬಿರಿದ ಪಿಟೀಲು. ಎಲ್ಲಿಯಾದರೂ ಇಂಥದ್ದೊಂದು ಮೂಲೆಗೆ ಬಿದ್ದಿದೆ ಎಂದು ಗೊತ್ತಾದರೆ ಹೋಗಿ ಕೊಂಡು ತರುವುದು, ಸಂಜೆಗಳಲ್ಲಿ ಕೂತು ಸರಿಮಾಡುವುದು, ಬೇಕಾದವರಿಗೆ ಮಾರುವುದು. ರೇಡಿಯೋ ರಿಪೇರಿಯನ್ನೂ ಒಂದಿಷ್ಟು ಕಲಿತಿದ್ದೆ. ಲಾಭಕ್ಕಿಂತ ಹುಚ್ಚು ಹೆಚ್ಚು.

ಆಗ ಆರ್ಕೆಸ್ಟ್ರಾಗಳ ಕಾಲ ಶುರುವಾಗಿತ್ತು. ಮದುವೆ ಮನೆಯಲ್ಲಿ, ಗಣಪತಿ ಪೆಂಡಾಲಿನಲ್ಲಿ ನಾಲ್ಕು ಹುಡುಗರು ಸೇರಿ ಸಿನಿಮಾ ಹಾಡು ಹೇಳಿದರೆ ಊರೆಲ್ಲ ಸೇರುತ್ತಿತ್ತು. ನನ್ನ ಭಾವನಿಗೂ ಆ ಗೀಳು ಹತ್ತಿತ್ತು. ಒಳ್ಳೆಯ ಕಂಠ, ಮ್ಯಾಂಡೊಲಿನ್ ಮೇಲೆ ಕೈ ಚೆನ್ನಾಗಿ ಓಡುತ್ತಿತ್ತು. ಬೇಲೂರಿನ ಮೂರು ನಾಲ್ಕು ಜನ ಮೇಷ್ಟ್ರುಗಳನ್ನೂ ಒಬ್ಬ ಪೋಸ್ಟಾಫೀಸಿನ ಗುಮಾಸ್ತರನ್ನೂ ಸೇರಿಸಿಕೊಂಡು ಒಂದು ತಂಡ ಕಟ್ಟಿದ್ದರು. ಬೆಂಗಳೂರಿಗೆ ಹೋಗಿದ್ದಾಗ ಕಂಟೋನ್ಮೆಂಟಿನ ಯಾವುದೋ ಸಭಾಂಗಣದಲ್ಲಿ ಬೇಸ್ ಗಿಟಾರಿನ ದನಿ ಕೇಳಿ ಬಂದಮೇಲೆ ಅವರಿಗೆ ಅದೊಂದೇ ಧ್ಯಾನ.

"ಹಾಡು ಮೇಲೆ ಹೋಗ್ತಿರುತ್ತೆ ಕಣಯ್ಯಾ, ಇದು ಕೆಳಗಡೆ ನೆಲ ಹಾಸ್ಕೊಂಡು ಬರ್ತಿರುತ್ತೆ. ಕಿವಿಗಲ್ಲ, ಎದೆಗೆ ಕೇಳುತ್ತೆ. ಹಳೇದು ಎಲ್ಲಾದ್ರೂ ಸಿಕ್ಕಿದ್ರೆ ನನಗೆ ಹೇಳು" ಅಂದಿದ್ದರು.

ಅಂಥದ್ದು ಅರಸೀಕೆರೆಯಲ್ಲಿ ಸಿಗುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಒಂದು ಸಂಜೆ ಲೋಕೋ ಷೆಡ್ಡಿನಲ್ಲಿ ಇಂಜಿನ್ನಿಗೆ ಕಲ್ಲಿದ್ದಲು ತುಂಬುವ ಫೈರ್‌ಮನ್ ಒಬ್ಬ ನನ್ನ ಕೋಣೆಗೆ ಬಂದ. ಹತ್ತಿರದ ಹಳ್ಳಿಯವನು. ಅವನ ಮನೆಯ ಕೊಬ್ಬರಿ ನಮ್ಮ ಮಂಡಿಗೇ ಬರುತ್ತಿದ್ದುದರಿಂದ ಪರಿಚಯ. ರೈಲ್ವೆ ಕಾಲೊನಿಯಲ್ಲಿ ಆಂಗ್ಲೋ ಇಂಡಿಯನ್ ಡ್ರೈವರ್ ಒಬ್ಬರು ಆಸ್ಟ್ರೇಲಿಯಾಕ್ಕೆ ಹೊರಟಿದ್ದಾರೆ, ಮನೆಯ ಸಾಮಾನು ಮಾರುತ್ತಿದ್ದಾರೆ ಎಂದ.

"ಗಿಟಾರು ಐತೆ. ಕರೆಂಟಿನ ಗಿಟಾರು. ಮಾಮೂಲಿದಲ್ಲ, ಹಗ್ಗದಂಗೆ ದಪ್ಪ ತಂತಿ" ಅಂದವನು ಸ್ವಲ್ಪ ತಡೆದು, "ನೋಡಿ ಸ್ವಾಮಿ, ಹೇಳ್ಬಿಡ್ತೀನಿ. ಸಾಹೇಬ್ರ ಮಗಂದು ಅದು. ಹೋದ ವರ್ಷ ಅದನ್ನ ತೊಡೆ ಮ್ಯಾಲೆ ಇಟ್ಕಂಡೇ ಹೋಗ್ಬಿಟ್ಟ. ಬೆರಳು ತಂತಿ ಹಿಡ್ಕಂಡು ಬಿಗ್ದೋಗಿತ್ತು. ಬಿಡಿಸಾಕೆ ನಾವೆಲ್ಲ ಸೇರ್ಬೇಕಾತು" ಅಂದ.

"ಕರೆಂಟ್ ಹೊಡೀತಾ?"

"ಕರೆಂಟೇ ಇರ್ಲಿಲ್ಲ ಆಗ. ಲೈನು ಹೋಗಿತ್ತು. ಸಾಹೇಬ್ರು ಡ್ಯೂಟಿ ಮುಗಿಸ್ಕಂಡು ಬಂದಾಗ ಮನೆಯೆಲ್ಲ ಕತ್ಲೆ. ಡಾಕ್ಟ್ರು ಹಾರ್ಟು ಅಂದ್ರು. ಮೈ ಮ್ಯಾಲೆ ಒಂದು ಗುರುತಿಲ್ಲ. ಅದ್ಕೇ ಯಾರೂ ಕೊಂಡ್ಕಂಡಿಲ್ಲ."

ಮರುದಿನ ಭಾನುವಾರ. ಅವನ ಜೊತೆ ಕಾಲೊನಿಗೆ ಹೋದೆ. ಕೆಂಪು ಇಟ್ಟಿಗೆಯ ಮನೆ, ಮುಂದೆ ಜಾಲರಿ ಹಾಕಿದ ವರಾಂಡ. ಒಳಗೆ ಮರದ ಪೆಟ್ಟಿಗೆಗಳು, ಒಣಹುಲ್ಲು, ಗೋಡೆಯ ಮೇಲೆ ಪಟಗಳನ್ನು ತೆಗೆದ ಬಿಳಿ ಚೌಕಗಳು. ಡ್ರೈವರ್ ಎತ್ತರದ ಆಳು. ಮುಂಗೈ ಮೇಲೆಲ್ಲ ಬೆಂಕಿಯ ಕಿಡಿ ಹಾರಿದ ಕಲೆಗಳು. ಮಾತು ಕಡಿಮೆ. ಅವರ ಹೆಂಡತಿ ಕನ್ನಡವನ್ನು ನಮ್ಮ ಹಾಗೇ ಆಡುತ್ತಿದ್ದರು. ಹುಟ್ಟಿ ಬೆಳೆದದ್ದು ಬಾಣಾವರದ ಸ್ಟೇಷನ್ ಕ್ವಾರ್ಟರ್ಸಿನಲ್ಲಂತೆ.

ಒಳಕೋಣೆಯ ಮೂಲೆಯಲ್ಲಿ ಗೋಡೆಗೆ ಒರಗಿಸಿ ಗಿಟಾರು ನಿಲ್ಲಿಸಿದ್ದರು. ಕಡುಗೆಂಪು ಬಣ್ಣ, ಉದ್ದನೆಯ ಕತ್ತು, ನಾಲ್ಕು ದಪ್ಪ ತಂತಿ. ಪಕ್ಕದಲ್ಲಿ ಒಂದು ಪೆಟ್ಟಿಗೆ. ಹಳೆಯ ರೇಡಿಯೋದ ಮೈಗೆ ನೀಲಿ ಬಣ್ಣ ಬಳಿದು, ಮುಂಭಾಗಕ್ಕೆ ಹೂವಿನ ಕರ್ಟನ್ ಬಟ್ಟೆ ಹೊಡೆದಿದ್ದರು. ಹುಡುಗನೇ ಮಾಡಿಕೊಂಡದ್ದು ಎಂದು ನೋಡಿದರೆ ತಿಳಿಯುತ್ತಿತ್ತು. ಗಿಟಾರಿನ ತಂತಿಯ ನಾದ ತಾನಾಗಿ ದೊಡ್ಡದಾಗುವುದಿಲ್ಲ. ಹೀಗೊಂದು ಪೆಟ್ಟಿಗೆಗೆ ವೈರಿನಲ್ಲಿ ಕೂಡಿಸಿದರೇ ಅದು ಹೊರಗೆ ಕೇಳುವುದು.

"ಎರಡನ್ನೂ ಕೊಡ್ತೀರಾ?" ಎಂದು ಕೇಳಿದೆ.

"ಪೆಟ್ಟಿಗೆ ಕೊಡಲ್ಲ" ಅಂದರು ಆಕೆ, ನನ್ನ ಮಾತು ಮುಗಿಯುವ ಮೊದಲೇ. "ಅದನ್ನ ಇವರು ಒಡೆದು ಹಾಕ್ತಾರೆ. ನಾನು ಹೇಳಿದೀನಿ."

"ಒಡೆಯೋದ್ಯಾಕೆ ಅಮ್ಮಾ, ಒಳಗಿನ ಸಾಮಾನಾದ್ರೂ ಉಪಯೋಗಕ್ಕೆ ಬರುತ್ತೆ."

"ಒಂದೊಂದು ದಿನ ಅದು ಕಚ್ಚುತ್ತೆ ಮಮ್ಮಿ ಅಂತಿದ್ದ. ಒಂದೊಂದು ದಿನ ಏನೂ ಇಲ್ಲ ಅಂತಿದ್ದ. ನಾನು ನಗ್ತಿದ್ದೆ." ಆಕೆ ಗಂಡನ ಮುಖ ನೋಡಿದರು. ಆತ ಕಿಟಕಿಯ ಕಡೆ ನೋಡುತ್ತಿದ್ದರು. "ಡಾಕ್ಟರು ಹಾರ್ಟು ಅಂದ್ರು. ಇರಬಹುದು. ಆದರೂ ಅದು ಇನ್ನೊಬ್ಬರ ಮನೆಗೆ ಹೋಗಬಾರದು."

ನಾನು ಒತ್ತಾಯ ಮಾಡಲಿಲ್ಲ. ಗಿಟಾರನ್ನು ಹಳೆಯ ಬೆಡ್‌ಷೀಟಿನಲ್ಲಿ ಸುತ್ತಿ ಕೊಟ್ಟರು. ಹೊರಡುವಾಗ ಆಕೆ ಅದರ ಕತ್ತಿನ ಮೇಲೆ ಒಮ್ಮೆ ಕೈ ಆಡಿಸಿ, ಬಿಸಿ ಪಾತ್ರೆ ಮುಟ್ಟಿದವರ ಹಾಗೆ ಹಿಂದಕ್ಕೆ ತೆಗೆದುಕೊಂಡರು.

ಅದು ಬಂದ ಮೇಲೆ ನನ್ನ ಕೋಣೆಗೆ ಬರುತ್ತಿದ್ದವರು ಹೊಸ್ತಿಲಲ್ಲೇ ನಿಲ್ಲತೊಡಗಿದರು. ಸುದ್ದಿ ಮಂಡಿಗೂ ತಲುಪಿತ್ತು. ನಮ್ಮ ಹಮಾಲಿಯೊಬ್ಬ, "ಸತ್ತೋರ ಸಾಮಾನು ಮಲಗೋ ಜಾಗದಾಗೆ ಇಟ್ಕಬ್ಯಾಡಿ ಸ್ವಾಮಿ" ಎಂದ. ಮನೆಯೊಡತಿ ಬಾಗಿಲ ಬಳಿ ನಿಂಬೆಹಣ್ಣು ಕಟ್ಟಿದಳು. ನನಗೆ ಅದರಲ್ಲೆಲ್ಲ ನಂಬಿಕೆ ಇರಲಿಲ್ಲ ಎಂದು ಹೇಳಿದರೆ ಪೂರ್ತಿ ನಿಜವಾಗುವುದಿಲ್ಲ. ಮೊದಲ ಸಲ ತಂತಿಗಳನ್ನು ಸಡಿಲಿಸುವಾಗ ಒಂದು ಕಡೆ ಒಣಗಿದ ಚರ್ಮದ ಸಣ್ಣ ಚೂರು ಅಂಟಿಕೊಂಡಿರುವುದು ಕಂಡು ಎದ್ದು ಹೊರಗೆ ಹೋಗಿ ನಿಂತಿದ್ದೆ. ಬಹಳ ನುಡಿಸುವವರ ಬೆರಳ ತುದಿ ಗಟ್ಟಿಯಾಗಿ ಸಿಪ್ಪೆ ಏಳುತ್ತದೆ. ಇದು ಅದೇ ಎಂದು ನನಗೆ ನಾನೇ ಹೇಳಿಕೊಂಡೆ.

ಕೆಲಸಕ್ಕೆ ಕೂತಮೇಲೆ ಹೆದರಿಕೆ ಹೋಯಿತು. ಕತ್ತು ಮುಂದಕ್ಕೆ ಬಾಗಿತ್ತು. ಒಳಗೆ ಒಂದು ಕಬ್ಬಿಣದ ಸರಳು, ಅದರ ತುದಿಯ ನಟ್ಟನ್ನು ದಿನಕ್ಕೆ ಇಷ್ಟಿಷ್ಟೇ ಬಿಗಿ ಮಾಡುತ್ತ ನೇರಕ್ಕೆ ತಂದೆ. ತಂತಿಯ ಅಲುಗಾಟವನ್ನು ಹಿಡಿಯುವ ತಾಮ್ರದ ಸುರುಳಿ ಒಂದು ಕಡೆ ಕಡಿದಿತ್ತು. ಕೂದಲಿಗಿಂತ ತೆಳುವಾದ ತಂತಿ. ಬಿಚ್ಚಿ, ಕೊನೆ ಹುಡುಕಿ, ಬೆಸುಗೆ ಹಾಕಿ, ಮತ್ತೆ ಸುತ್ತುವುದಕ್ಕೆ ಒಂದು ವಾರದ ಸಂಜೆಗಳು ಬೇಕಾದವು. ಹೊಸ ತಂತಿ ನಮ್ಮ ಕಡೆ ಎಲ್ಲಿಯೂ ಸಿಗುವಂತಿರಲಿಲ್ಲ. ಹಳೆಯ ತಂತಿಯನ್ನು ಸೋಡಾ ಹಾಕಿದ ನೀರಿನಲ್ಲಿ ಕುದಿಸಿದರೆ ಜಿಡ್ಡು ಬಿಟ್ಟು ನಾದ ಮರಳುತ್ತದೆ ಎಂದು ಬೆಂಗಳೂರಿನ ಒಬ್ಬ ವಾದ್ಯದ ಅಂಗಡಿಯವರು ಹೇಳಿದ್ದರು. ಅದನ್ನು ಬೇಲೂರಿಗೆ ಹೋದಾಗ ಅಕ್ಕನ ಅಡುಗೆಮನೆಯಲ್ಲಿ ಮಾಡಿದೆ. ಕುದಿಯುವ ನೀರಿನಲ್ಲಿ ಸುತ್ತಿಕೊಂಡು ಏಳುತ್ತ ಮುಳುಗುತ್ತ ಇದ್ದ ಆ ತಂತಿಗಳನ್ನು ನೋಡಿ ಅಕ್ಕ ಮುಖ ತಿರುಗಿಸಿದಳು.

"ಹಾವು ಬೇಯಿಸ್ದಂಗಿದೆ ಕಣೋ. ಆ ಪಾತ್ರೆ ಇನ್ನು ಒಳಗೆ ತರಬೇಡ. ಯಾರದ್ದು ಇದು?"

"ರೈಲ್ವೆಯವರದ್ದು" ಅಂದೆ.

"ಮಾರ್ತಿದಾರೆ ಅಂದ್ರೆ ಅವರಿಗೆ ಬೇಡವಾಯ್ತಾ?"

ಅವಳಿಗೆ ಸುಳ್ಳು ಹೇಳಿ ಗೆಲ್ಲುವುದು ಸಾಧ್ಯವಿರಲಿಲ್ಲ. ಕೇಳಿದ್ದನ್ನೆಲ್ಲ ಹೇಳಿದೆ. ಭಾವನಿಗೂ ಹೇಳಿದೆ. ಅವರು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಆಗಲೇ ಎಷ್ಟೋ ಹೊತ್ತಾಗಿತ್ತು.

"ಹಾರ್ಟು ನಿಂತರೆ ವಾದ್ಯ ಏನು ಮಾಡುತ್ತೆ? ಮರ, ತಂತಿ. ಇದನ್ನ ನಾನೇ ಇಟ್ಕೋತೀನಿ" ಅಂದರು.

ಅಪ್ಪ ಜಗುಲಿಯಿಂದ, "ಮನೇಲಿ ಮಗು ಇದೆ" ಎಂದಷ್ಟೇ ಅಂದರು.

ನಾನು ಒಂದು ಷರತ್ತು ಹಾಕಿದೆ. ಇದಕ್ಕೆ ತಕ್ಕ ಪೆಟ್ಟಿಗೆಯನ್ನು ನಾನೇ ಕಟ್ಟಿಕೊಡುತ್ತೇನೆ, ಅಲ್ಲಿಯವರೆಗೆ ಯಾವುದಕ್ಕೂ ಕೂಡಿಸಬಾರದು ಎಂದೆ. ಟ್ರಾನ್ಸ್‌ಫಾರ್ಮರು ಬೆಂಗಳೂರಿನಿಂದ ಬರಬೇಕಾಗಿತ್ತು. ಭಾವ, "ಆಯ್ತು ಮಾರಾಯ" ಅಂದರು.

ಟ್ರಾನ್ಸ್‌ಫಾರ್ಮರು ಬರಲಿಲ್ಲ. ಇವತ್ತು ನಾಳೆ ಎನ್ನುತ್ತ ಮಳೆಗಾಲ ಕಳೆಯುತ್ತ ಬಂತು. ಕೊಬ್ಬರಿಯ ಕಾಲ, ಮಂಡಿಯಿಂದ ನನಗೆ ರಜೆಯೂ ಸಿಗಲಿಲ್ಲ. ಒಂದು ಶನಿವಾರ ಮಧ್ಯಾಹ್ನ ಹೇಗೋ ಬಿಡಿಸಿಕೊಂಡು ಬೇಲೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಳೆ. ಮನೆ ತಲುಪಿದಾಗ ಅಕ್ಕ ಒಬ್ಬಳೇ ಇದ್ದಳು, ಮಗು ಮಲಗಿತ್ತು. ನನ್ನನ್ನು ನೋಡಿದ್ದೇ, ಕಾಯುತ್ತಿದ್ದವಳ ಹಾಗೆ ಎದ್ದು ಬಂದಳು.

"ನೀನು ಬಂದಿದ್ದು ಒಳ್ಳೇದಾಯ್ತು. ಅವರು ಹಳೇಬೀಡಿಗೆ ಹೋದ್ರು. ಸ್ಕೂಲ್ ಡೇ ಅಂತೆ, ಇವರ ಆರ್ಕೆಸ್ಟ್ರಾ. ಗಿಟಾರೂ ತಗೊಂಡ್ಹೋದ್ರು."

"ಪೆಟ್ಟಿಗೆ ಇಲ್ದೆ ಗಿಟಾರ್ ಏನು ಮಾಡ್ತಾರೆ?"

"ಪೆಟ್ಟಿಗೆ ಸಿಕ್ತಲ್ಲ. ಹೋದ ತಿಂಗಳು ಅರಸೀಕೆರೆಗೆ ಮದುವೆಗೆ ಹೋಗಿದ್ರಲ್ಲ, ಅಲ್ಲಿ ಹಳೇ ಸಾಮಾನಿನ ಅಂಗಡೀಲಿ ಸಿಕ್ತಂತೆ. ನಿನಗೆ ಹೇಳಬೇಡ, ಬೇಜಾರು ಮಾಡ್ಕೋತಾನೆ ಅಂದ್ರು." ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. "ನಂಗೆ ಅದು ಸರಿ ಕಾಣಲ್ಲ ಕಣೋ. ನುಡಿಸ್ತಾ ಇದ್ದೋರು ಇದ್ದಕ್ಕಿದ್ದಂಗೆ ಕೈ ಕೊಡವ್ತಾರೆ. ಜುಮ್ ಅಂತು ಅಂತಾರೆ. ಮಾರನೇ ದಿನ ಏನೂ ಇಲ್ಲ. ಅಮಾವಾಸ್ಯೆ ದಿನ ಜಾಸ್ತಿ ಆಯ್ತು. ಅಪ್ಪ ತಾಯತ ತಂದುಕೊಟ್ರೆ ನಕ್ಕುಬಿಟ್ರು."

"ಪೆಟ್ಟಿಗೆ ಹೇಗಿದೆ?"

"ನೀಲಿ ಬಣ್ಣ. ಮುಂದೆ ಹೂವಿನ ಬಟ್ಟೆ."

ಅಲ್ಲಿಯವರೆಗೆ ನನಗೆ ಏನೂ ಹೊಳೆದಿರಲಿಲ್ಲ. ಆ ಎರಡು ಮಾತು ಕೇಳಿದಾಗ ಕಾಲೊನಿಯ ಆ ಒಳಕೋಣೆಯ ಮೂಲೆ ಕಣ್ಣಮುಂದೆ ಬಂತು. ಒಂದೊಂದು ದಿನ ಕಚ್ಚುತ್ತದೆ, ಒಂದೊಂದು ದಿನ ಇಲ್ಲ. ದೆವ್ವ ಹಾಗೆ ಮಾಡುತ್ತದೋ ಇಲ್ಲವೋ ನಾನು ಕಾಣೆ, ಆದರೆ ಹಾಗೆ ಮಾಡುವ ಒಂದು ಬಗೆಯ ರೇಡಿಯೋವನ್ನು ನಾನು ಕಂಡಿದ್ದೆ. ಅದಕ್ಕೆ ಟ್ರಾನ್ಸ್‌ಫಾರ್ಮರೇ ಇರುವುದಿಲ್ಲ. ಗೋಡೆಯಿಂದ ಬರುವ ಎರಡು ವೈರಿನಲ್ಲಿ ಒಂದನ್ನು ನೇರ ಒಳಗಿನ ಕಬ್ಬಿಣದ ತಟ್ಟೆಗೇ ಕೊಟ್ಟಿರುತ್ತಾರೆ. ಮುಚ್ಚಿದ ಮರದ ಪೆಟ್ಟಿಗೆಯಾದ್ದರಿಂದ ಹಾಡು ಕೇಳುವವರಿಗೆ ಏನೂ ಆಗುವುದಿಲ್ಲ. ಆದರೆ ಆ ತಟ್ಟೆಯಿಂದ ಒಂದು ವೈರು ಹೊರಗೆ ಎಳೆದು ಗಿಟಾರಿಗೆ ಕೂಡಿಸಿದರೆ, ಗಿಟಾರಿನ ತಂತಿಗಳೂ ಗೋಡೆಯ ವೈರೂ ಒಂದೇ. ಎರಡು ಕಾಲಿನ ಪ್ಲಗ್ಗನ್ನು ಒಂದು ಕಡೆ ತಿರುಗಿಸಿ ಚುಚ್ಚಿದರೆ ಅಪಾಯವಿಲ್ಲ. ಇನ್ನೊಂದು ಕಡೆ ತಿರುಗಿಸಿ ಚುಚ್ಚಿದರೆ ತಂತಿಯಲ್ಲಿ ಪೂರ್ತಿ ಕರೆಂಟು. ಯಾವ ಕಡೆ ಚುಚ್ಚಿದೆ ಎಂದು ನೋಡಿದವರಿಗೆ ಗೊತ್ತಾಗುವುದಿಲ್ಲ. ಮನೆಯಲ್ಲಿ ಚಾಪೆಯ ಮೇಲೆ ಕೂತು ನುಡಿಸಿದರೆ ಬರೀ ಜುಮ್ ಎನ್ನುತ್ತದೆ.

ಹಳೇಬೀಡಿನಲ್ಲಿ ಚಾಪೆ ಇರುವುದಿಲ್ಲ. ಮಳೆ ಬಂದ ನೆಲ ಇರುತ್ತದೆ.

"ಸ್ವಲ್ಪ ಕಾಫಿ ಕುಡ್ಕೊಂಡು..." ಎಂದು ಅಕ್ಕ ಅನ್ನುತ್ತಿರುವಾಗಲೇ ನಾನು ಬೀದಿಗಿಳಿದಿದ್ದೆ. ಏನೆಂದು ಅವಳಿಗೆ ಹೇಳುವ ಧೈರ್ಯವಾಗಲಿಲ್ಲ.

ಬಸ್ಸು ಹೊರಡುವುದಕ್ಕೆ ತಡವಾಯಿತು. ಕಂಡಕ್ಟರನಿಗೆ ಹೇಳಿದೆ, ಡ್ರೈವರನಿಗೆ ಹೇಳಿದೆ. "ಜನ ತುಂಬಲಿ ಸ್ವಾಮಿ" ಅಂದರು. ಹೊರಟ ಮೇಲೆ ಪ್ರತಿ ಊರಿನ ಮುಂದೆ ನಿಂತಿತು. ಒಂದು ಕಡೆ ರಾಗಿ ಮೂಟೆಗಳನ್ನು ಮೇಲಕ್ಕೆ ಹಾಕಿದರು, ಒಂದು ಕಡೆ ಕೋಳಿ ಬುಟ್ಟಿಯೊಂದನ್ನು ಇಳಿಸಿದರು. ಕಿಟಕಿಯಾಚೆ ಹೊಲಗಳಲ್ಲಿ ನೀರು ನಿಂತು ಹೊಳೆಯುತ್ತಿತ್ತು. ನಾನು ಆ ನೀರನ್ನೇ ನೋಡುತ್ತ ಕೂತಿದ್ದೆ. ಶಾಲೆಗೆ ಫೋನು ಇರಲಿಲ್ಲ, ಇದ್ದರೂ ಯಾರಿಗೆ ಏನು ಹೇಳಲಿ.

ಹಳೇಬೀಡಿನಲ್ಲಿ ಇಳಿದಾಗ ದೀಪ ಹಚ್ಚುವ ಹೊತ್ತು. ಮೈಕಿನ ದನಿ ಕೇಳಿಸುತ್ತಿತ್ತು. ಯಾರೋ ವಂದನಾರ್ಪಣೆ ಮಾಡುತ್ತಿದ್ದರು, ಅದು ಮುಗಿದು ಚಪ್ಪಾಳೆ. ನಾನು ಓಡುತ್ತಿದ್ದಾಗ ಡೋಲಕ್ಕು ಶುರುವಾಯಿತು. ಅದರ ಕೆಳಗಿನಿಂದ ಭಾವ ಹೇಳಿದ್ದ ಆ ದನಿ ಬಂತು, ಎದೆಗೆ ಕೇಳುವಂಥದ್ದು. ಅಷ್ಟು ಚೆನ್ನಾಗಿ ಅದು ನುಡಿಯುತ್ತದೆಂದು ನಾನು ಎಣಿಸಿರಲಿಲ್ಲ. ಅದು ನುಡಿಯುತ್ತಿರುವವರೆಗೆ ಅವರು ಬದುಕಿದ್ದಾರೆ ಎಂದುಕೊಂಡು ಓಡಿದೆ.

ಶಾಲೆಯ ಅಂಗಳದಲ್ಲಿ ಮಣ್ಣು ಪೇರಿಸಿ, ಇಟ್ಟಿಗೆ ಹಾಸಿ ವೇದಿಕೆ ಮಾಡಿದ್ದರು. ಹಿಂದೆ ಸರಸ್ವತಿಯ ಪಟ, ಅದರ ಮುಂದೆ ದೀಪ. ದೇವರ ಪಟವಿದೆಯೆಂದು ಎಲ್ಲರೂ ಚಪ್ಪಲಿ ಕೆಳಗೆ ಬಿಟ್ಟಿದ್ದರು. ಭಾವ ಬರಿಗಾಲಲ್ಲಿ ಒದ್ದೆ ಇಟ್ಟಿಗೆಯ ಮೇಲೆ ನಿಂತಿದ್ದರು. ಕೊರಳಿಗೆ ಗಿಟಾರು, ಪಕ್ಕದ ಕುರ್ಚಿಯ ಮೇಲೆ ನೀಲಿ ಪೆಟ್ಟಿಗೆ. ಮುಖದಲ್ಲಿ ಒಂದು ಬಗೆಯ ನೋವಿನ ನಗು ಇತ್ತು, ಇರುವೆ ಕಡಿಯುತ್ತಿದ್ದರೂ ಸಭೆಯ ಮುಂದೆ ಅಲುಗಾಡದವರ ಹಾಗೆ. ಅವರ ಮುಂದೆ ಒದ್ದೆ ನೆಲಕ್ಕೆ ಊರಿದ ಉಕ್ಕಿನ ಕಂಬದ ಮೇಲೆ ಮೈಕು; ಅದನ್ನು ಮುಟ್ಟಿದರೆ ಕರೆಂಟು ಒಂದು ಕೈಯಿಂದ ಇನ್ನೊಂದಕ್ಕೆ ಎದೆಯ ಮೂಲಕವೇ ಹಾಯುತ್ತದೆ. ಹಾಡಿನ ಮೊದಲ ಸಾಲು ಬರುವ ಹೊತ್ತು. ಅವರು ಮೈಕನ್ನು ತಮ್ಮ ಕಡೆ ಎಳೆದುಕೊಳ್ಳಲು ಬಲಗೈ ಚಾಚಿದರು.

ನಾನು ಕೂಗಿದೆ. ಡೋಲಕ್ಕಿನ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ.

ಅವರ ಕೈ ಕಂಬಕ್ಕೆ ತಾಗಿದ್ದು ಕಂಡೆ. ಮೈ ಒಮ್ಮೆ ನೆಟ್ಟಗಾಯಿತು. ಎಡಗೈ ಗಿಟಾರಿನ ಕತ್ತನ್ನು, ಬಲಗೈ ಮೈಕಿನ ಕಂಬವನ್ನು ಹಿಡಿದುಕೊಂಡು ಹಾಗೇ ನಿಂತರು. ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಪೆಟ್ಟಿಗೆಯಿಂದ ಒಂದೇ ಸಮನೆ ಗುಯ್ ಎನ್ನುವ ಸದ್ದು. ಮುಂದೆ ಕೂತಿದ್ದ ಮಕ್ಕಳು ಇದು ಏನೋ ತಮಾಷೆಯೆಂದು ನಗತೊಡಗಿದರು. ಡೋಲಕ್ಕಿನವರು ತಲೆ ತಗ್ಗಿಸಿ ಬಾರಿಸುತ್ತಲೇ ಇದ್ದರು.

ಅವರನ್ನು ಹಿಡಿದು ಎಳೆಯಬಾರದು ಎಂಬಷ್ಟು ಬುದ್ಧಿ ನನಗೆ ಆ ಗಳಿಗೆಯಲ್ಲಿ ಉಳಿದಿತ್ತು. ಪೆಟ್ಟಿಗೆಯಿಂದ ಹೊರಟ ವೈರು ವೇದಿಕೆಯ ಬದಿಯ ಕಿಟಕಿಯೊಳಗೆ ಹೋಗಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದೆ. ಪ್ಲಗ್ಗು ಕಿತ್ತು ಬಂತು. ಭಾವ ಮೈಕಿನ ಕಂಬದ ಸಮೇತ ಮುಂದಕ್ಕೆ ಬಿದ್ದರು.

ನಗು ನಿಂತಿತು.

ಆಮೇಲಿನದು ನನಗೆ ಚೂರು ಚೂರಾಗಿ ನೆನಪಿದೆ. ಅವರ ಬೆರಳುಗಳನ್ನು ಒಂದೊಂದಾಗಿ ತಂತಿಯಿಂದ ಬಿಡಿಸಿದ್ದು ನಾನೇ. ಉಸಿರಾಡುತ್ತಿರಲಿಲ್ಲ. ಶಾಲೆಯ ಡ್ರಿಲ್ ಮೇಷ್ಟ್ರು ಅವರನ್ನು ಬೋರಲು ಮಲಗಿಸಿ, ನೀರಲ್ಲಿ ಮುಳುಗಿದವರಿಗೆ ಮಾಡುವ ಹಾಗೆ ಬೆನ್ನಿನ ಮೇಲೆ ಒತ್ತತೊಡಗಿದರು. ಯಾರೋ ಈರುಳ್ಳಿ ತರಲು ಓಡಿದರು. ಎಷ್ಟು ಹೊತ್ತು ಒತ್ತಿದರೋ, ಒಂದು ಸಲ ಭಾವನ ಗಂಟಲಿನಿಂದ ಬಾಗಿಲು ಎಳೆದಂಥ ಸದ್ದು ಬಂತು. ಆಮೇಲೆ ಇನ್ನೊಂದು. ತೆಂಗಿನಕಾಯಿ ಲಾರಿಯೊಂದನ್ನು ನಿಲ್ಲಿಸಿ ಅದರಲ್ಲಿ ಬೇಲೂರಿನ ಆಸ್ಪತ್ರೆಗೆ ಸಾಗಿಸಿದೆವು. ದಾರಿಯಲ್ಲಿ ಒಮ್ಮೆ ಕಣ್ಣು ತೆರೆದು, "ಹಾಡು ಮುಗೀತಾ?" ಎಂದರು.

ಬದುಕಿದರು. ಎಡಗೈಯ ಎರಡು ಬೆರಳು ಮಾತ್ರ ಮತ್ತೆ ಸರಿಯಾಗಿ ಮಡಚಲಿಲ್ಲ. ಚಿತ್ರ ಬರೆಯುವುದು ಬಲಗೈಯಾದ್ದರಿಂದ ಕೆಲಸಕ್ಕೆ ತೊಂದರೆಯಾಗಲಿಲ್ಲ. ಮ್ಯಾಂಡೊಲಿನ್ ನುಡಿಸುವುದು ಅಲ್ಲಿಗೆ ಮುಗಿಯಿತು. ಅಕ್ಕ ಆಸ್ಪತ್ರೆಯಲ್ಲಿ ನನ್ನ ಹತ್ತಿರ ಒಂದೇ ಮಾತು ಕೇಳಿದಳು. "ಆ ಹುಡುಗನೂ ಹೀಗೇ ಹೋಗಿದ್ದಾ?"

"ಇರಬೇಕು ಅಕ್ಕ."

"ಅವನ ತಾಯಿಗೆ ಗೊತ್ತಾ?"

ಪೆಟ್ಟಿಗೆ ಬಿಚ್ಚಿ ನೋಡಿದೆ. ನಾನು ಅಂದುಕೊಂಡ ಹಾಗೇ ಇತ್ತು. ಹುಡುಗ ಅಚ್ಚುಕಟ್ಟಾಗಿ ಕೆಲಸ ಮಾಡಿದ್ದ. ಬೆಸುಗೆಗಳು ದುಂಡಗೆ, ವೈರುಗಳು ದಾರದಿಂದ ಕಟ್ಟಿ ಸಾಲಾಗಿ. ಯಾರೂ ಅವನಿಗೆ ಹೇಳಿಕೊಟ್ಟಿರದ ಒಂದೇ ವಿಷಯ ಅವನಿಗೆ ಗೊತ್ತಿರಲಿಲ್ಲ. ಆ ಸಂಜೆ ಬರಿಗಾಲು ಒದ್ದೆ ನೆಲಕ್ಕೆ ತಾಗಿರಬೇಕು; ಅವನು ಸತ್ತ ಮೇಲೆ ಲೈನು ಹೋಗಿದೆ. ಅಪ್ಪ ಬಂದಾಗ ಕತ್ತಲೆ. ಗಟ್ಟಿಯಾದ ಬೆರಳ ತುದಿಯಲ್ಲಿ ಸುಟ್ಟ ಗುರುತು ಯಾರಿಗೂ ಕಂಡಿಲ್ಲ.

ಹಳೇ ಸಾಮಾನಿನ ಅಂಗಡಿಯವನನ್ನು ಕೇಳಿದೆ. ಪೆಟ್ಟಿಗೆಯನ್ನು ತಂದುಕೊಟ್ಟದ್ದು ಡ್ರೈವರ್ ಸಾಹೇಬರೇ ಎಂದ.

ಆಸ್ಟ್ರೇಲಿಯಾದ ಕಾಗದಪತ್ರ ತಡವಾಗಿ ಅವರು ಇನ್ನೂ ಹೊರಟಿರಲಿಲ್ಲ. ಹೋಗಲೋ ಬೇಡವೋ ಎಂದು ಕೆಲವು ದಿನ ತೂಗಿದೆ. ಮಗನನ್ನು ಕಳೆದುಕೊಂಡವರು ಹೇಗೋ ಒಂದು ಕಾರಣಕ್ಕೆ ಒಗ್ಗಿಕೊಂಡಿರುತ್ತಾರೆ. ಅದನ್ನು ಕಿತ್ತು ಇನ್ನೊಂದು ಕೊಡುವುದರಿಂದ ಯಾರಿಗೇನು ಒಳ್ಳೆಯದು ಎನ್ನಿಸಿತು. ಆದರೆ ಅಕ್ಕನ ಪ್ರಶ್ನೆ ಬಿಡಲಿಲ್ಲ. ಪೆಟ್ಟಿಗೆಯನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಕಾಲೊನಿಗೆ ಹೋದೆ.

ಡ್ರೈವರ್ ವರಾಂಡದಲ್ಲಿ ಕೂತು ಷೂ ಒರೆಸುತ್ತಿದ್ದರು. ಚೀಲದ ಬಾಯಿಂದ ಇಣುಕುತ್ತಿದ್ದ ನೀಲಿ ಕಂಡದ್ದೇ ಎದ್ದು ನಿಂತು, ಒಳಗಿನ ಬಾಗಿಲು ಎಳೆದುಕೊಂಡರು.

"ಎಲ್ಲಿ ಸಿಕ್ತು ನಿಮಗೆ?" ದನಿ ತಗ್ಗಿಸಿ ಕೇಳಿದರು.

ಹೇಳಿದೆ. ಭಾವನ ವಿಷಯವನ್ನೂ ಹೇಳಿದೆ. ಅವರ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು.

"ಒಡೀಬೇಕು ಅಂತ ಸುತ್ತಿಗೆ ಎತ್ತಿದ್ದೆ. ಅವನ ಕೈ ಕೆಲಸ ಅದು. ಆಗಲಿಲ್ಲ. ಒಡೆದೆ ಅಂತ ಅವಳಿಗೆ ಹೇಳಿ ಅಂಗಡಿಗೆ ಕೊಟ್ಟೆ." ಬಿದ್ದ ಬಟ್ಟೆಯನ್ನು ಎತ್ತಿಕೊಳ್ಳುತ್ತ, "ಅವಳಿಗೆ ಹೇಳಬೇಡಿ" ಅಂದರು.

ಬಾಗಿಲು ಆಗಲೇ ತೆರೆದಿತ್ತು. ಆಕೆ ಅಲ್ಲೇ ನಿಂತಿದ್ದರು. ಆಕೆಯ ಹಿಂದೆ, ಶಾಲೆಯ ಯೂನಿಫಾರಂ ತೊಟ್ಟ ಹನ್ನೆರಡು ಹದಿಮೂರರ ಮಗಳು. ಕಾಲಿಗೆ ಉಣ್ಣೆಯ ಕಾಲುಚೀಲ, ಹೆಗಲ ಮೇಲೆ ಶಾಲು.

"ಯಾರಿಗೆ ಏನಾಯ್ತು?" ಎಂದು ನನ್ನನ್ನು ಕೇಳಿದರು.

"ನನ್ನ ಅಕ್ಕನ ಗಂಡನಿಗೆ."

"ಇದಾರಾ?"

"ಇದಾರೆ ಅಮ್ಮ."

ಆಕೆ ವರಾಂಡದ ಮೆಟ್ಟಿಲ ಮೇಲೆ ಕೂತುಕೊಂಡರು. ಗಂಡನ ಕಡೆ ನೋಡಲಿಲ್ಲ. ನಾನು ಪೆಟ್ಟಿಗೆಯ ಹಿಂಭಾಗ ಬಿಚ್ಚಿ, ಯಾವ ವೈರು ಎಲ್ಲಿಗೆ ಹೋಗುತ್ತದೆ, ಪ್ಲಗ್ಗು ಹೇಗೆ ತಿರುಗಿದರೆ ಏನಾಗುತ್ತದೆ ಎಂದು ತೋರಿಸಿದೆ. ಮಧ್ಯದಲ್ಲಿ ನಿಲ್ಲಿಸಲೇ ಎಂದು ಎರಡು ಸಲ ಕೇಳಿದೆ. ಬೇಡ, ಹೇಳಿ ಎಂದರು.

"ಹಾಗಾದ್ರೆ ಅವನ ಹಾರ್ಟು ಚೆನ್ನಾಗಿತ್ತು" ಅಂದರು ಕೊನೆಗೆ.

"ಚೆನ್ನಾಗೇ ಇತ್ತು ಅಂತ ಕಾಣುತ್ತೆ."

"ನಮ್ಮಪ್ಪ ಹಾರ್ಟಿನಿಂದ ಹೋದ್ರು. ನನ್ನ ರಕ್ತದಿಂದ ಅವನಿಗೆ ಬಂತು ಅಂದ್ಕೊಂಡಿದ್ದೆ." ಆಕೆ ಹಿಂದೆ ತಿರುಗಿ ಮಗಳನ್ನು ನೋಡಿದರು. "ಇವಳನ್ನ ಒಂದು ವರ್ಷದಿಂದ ಓಡೋಕೆ ಬಿಟ್ಟಿಲ್ಲ. ಸ್ಕಿಪ್ಪಿಂಗ್ ಇಲ್ಲ, ಸೈಕಲ್ ಇಲ್ಲ. ಮಲಗಿದಾಗ ಎದೆ ಮೇಲೆ ಕೈ ಇಟ್ಟು ನೋಡ್ತೀನಿ."

ಹುಡುಗಿ ಏನೂ ಅರ್ಥವಾಗದವಳ ಹಾಗೆ ನಿಂತಿದ್ದಳು. ಆಮೇಲೆ ನಿಧಾನವಾಗಿ ಶಾಲನ್ನು ತೆಗೆದು ಕುರ್ಚಿಯ ಮೇಲೆ ಹಾಕಿದಳು. ಯಾರೂ ಬೇಡ ಅನ್ನಲಿಲ್ಲ.

ಡ್ರೈವರ್ ಒಳಗೆ ಹೋಗಿ ಕಲ್ಲಿದ್ದಲು ಒಡೆಯುವ ಸುತ್ತಿಗೆ ತಂದರು. ಪೆಟ್ಟಿಗೆಯನ್ನು ಹಿತ್ತಲಿಗೆ ಒಯ್ದರು. ಹೆಂಡತಿಯೂ ಎದ್ದು ಹಿಂದೆ ಹೋದರು. ಮೊದಲ ಏಟು ಬಿದ್ದಾಗ ಒಳಗಿನ ಗಾಜಿನ ವಾಲ್ವುಗಳು ಒಡೆದ ಸದ್ದು ಕೇಳಿಸಿತು. ನಾನು ಅಲ್ಲಿ ನಿಲ್ಲಬಾರದೆಂದು ಹೊರಟುಬಂದೆ.

ಅವರು ಆ ಬೇಸಿಗೆಯಲ್ಲಿ ಹೊರಟು ಹೋದರೆಂದು ಫೈರ್‌ಮನ್ ಹೇಳಿದ. ಗಂಡ ಹೆಂಡತಿ ಮತ್ತೆ ಮೊದಲಿನಂತೆ ಮಾತಾಡುತ್ತಿದ್ದರೋ ಇಲ್ಲವೋ ನನಗೆ ತಿಳಿಯಲಿಲ್ಲ.

ಗಿಟಾರನ್ನು ಯಗಚಿ ಹೊಳೆಗೆ ಹಾಕಬೇಕೆಂದು ಅಪ್ಪನ ಹಟ. ಭಾವ ಒಪ್ಪಲಿಲ್ಲ. "ಅದರದ್ದೇನು ತಪ್ಪು. ನುಡಿಸೋರಿಗೆ ಕೊಡು" ಅಂದರು. ಬೆಂಗಳೂರಿನ ಕಂಟೋನ್ಮೆಂಟಿನಲ್ಲಿ ಮದುವೆಗಳಿಗೆ ನುಡಿಸುತ್ತಿದ್ದ ಒಬ್ಬರು ಕೊಳ್ಳಲು ಮುಂದೆ ಬಂದರು. ಗಿಟಾರಿನ ಚರಿತ್ರೆಯನ್ನೆಲ್ಲ ಅವರಿಗೆ ಹೇಳಿದೆ. ಅವರು ಹೆಗಲು ಕುಣಿಸಿ, ತಂತಿ ಮೀಟಿ, ಚೆನ್ನಾಗಿದೆ ಅಂದರು. ಅವರ ಮನೆಗೆ ಹೋಗಿ, ಅವರ ಪೆಟ್ಟಿಗೆ ಬಿಚ್ಚಿ, ಟ್ರಾನ್ಸ್‌ಫಾರ್ಮರು ಇರುವುದನ್ನು ಕಣ್ಣಾರೆ ಕಂಡಮೇಲೂ ಪ್ಲಗ್ಗನ್ನು ಎರಡೂ ಕಡೆ ತಿರುಗಿಸಿ ಚುಚ್ಚಿ, ತಂತಿಗೆ ಟೆಸ್ಟರ್ ಇಟ್ಟು ನೋಡಿದೆ. ಎರಡು ಸಲವೂ ಅದರೊಳಗಿನ ಸಣ್ಣ ದೀಪ ಹತ್ತಲಿಲ್ಲ. ಅವರ ಹೆಂಡತಿ ಬಾಗಿಲಲ್ಲಿ ಕಾಫಿ ಹಿಡಿದು ನಿಂತು ನೋಡುತ್ತಿದ್ದರು.

"ಇಷ್ಟೊಂದು ಭಯನಾ ನಿಮಗೆ?" ಎಂದು ಆತ ನಕ್ಕರು.

ಹೌದು ಅಂದೆ. ಗಿಟಾರು ಅವರ ತೊಡೆಯ ಮೇಲೆ ಹೋಯಿತು. ಅವರು ನುಡಿಸುವುದನ್ನು ಕೇಳಲು ನನಗೆ ಆಗಲಿಲ್ಲ. ರೈಲಿಗೆ ಹೊತ್ತಾಯಿತು ಎಂದು ಹೇಳಿ, ಕಾಫಿ ಕುಡಿದು ಎದ್ದೆ.